ಒಂದು ಗೇಟಿಗೆ ಎರಡು ಕೀಲಿ

ಕೆಂಭಾವಿಯ ಪರಮಣ್ಣನ ಅಂಗಡಿಯಲ್ಲಿ ಮಾಡಿದ ಕೀಲಿಗಳ ಬಗ್ಗೆ ಸುತ್ತಲಿನ ಹಳ್ಳಿಗಳಲ್ಲಿ ಒಂದೇ ಒಂದು ದೂರಿತ್ತು. ಅವು ಕಳ್ಳನಿಗೆ ಎಷ್ಟು ಕಾಟ ಕೊಡುತ್ತಿದ್ದವೋ ಮನೆಯವರಿಗೂ ಅಷ್ಟೇ ಕೊಡುತ್ತಿದ್ದವು. ನಿಜಾಮರ ಕಾಲದಲ್ಲಿ ಪರಮಣ್ಣನ ತಂದೆ ಮರಿಲಿಂಗಪ್ಪ ಸುರಪುರದ ದೊಡ್ಡ ಮನೆಗಳ ಹೆಬ್ಬಾಗಿಲಿಗೆಂದು ಎರಡು ಸೇರು ತೂಗುವ ಕೀಲಿ ಬಡಿಯುತ್ತಿದ್ದ. ಅವನ್ನು ತೆಗೆಯುವ ಕೀಲಿಕೈಯನ್ನು ಮೂರು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ ತಿರುವಿ, ಆಮೇಲೆ ಕೂದಲೆಳೆಯಷ್ಟು ಮೇಲಕ್ಕೆತ್ತಬೇಕಿತ್ತು. ಎತ್ತುವುದನ್ನು ಮರೆತವರು ಕಟ್ಟೆಯ ಮೇಲೆ ಕೂತು ನೆನಪು ಬರುವುದನ್ನು ಕಾಯುತ್ತಿದ್ದರು. ಮರಿಲಿಂಗಪ್ಪನಿಗೆ ಇದರ ಬಗ್ಗೆ ನಾಚಿಕೆಯೇನೂ ಇರಲಿಲ್ಲ. ಮರೆಗುಳಿಗಳಿಗಾಗಿ ತಾನು ಕೀಲಿ ಮಾಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ.

ಆಮೇಲೆ ಸಂತೆಗೆ ಉತ್ತರದ ಕಡೆಯ ಅಗ್ಗದ ಹಿತ್ತಾಳೆ ಕೀಲಿಗಳು ರಾಶಿರಾಶಿಯಾಗಿ ಬಂದವು. ಮಗ ಪರಮಣ್ಣನ ಪಾಲಿಗೆ ಉಳಿದದ್ದು ಹಳೇ ಸಂದೂಕಗಳ ರಿಪೇರಿ ಮಾತ್ರ. ಅಂಗಡಿ ಇನ್ನೇನು ಬಾಗಿಲು ಹಾಕಬೇಕು ಎನ್ನುವಾಗ ಎರಡು ಒಳ್ಳೆಯ ಸಂಗತಿಗಳು ಬೆನ್ನುಬೆನ್ನಿಗೆ ನಡೆದವು. ಒಂದು, ಶಹಾಪುರದ ವಹಾಬ ಎಂಬ ಟರ್ನರ್ ತನ್ನ ಹಳೇ ಲೇತ್ ಮಷಿನ್ನನ್ನು ಬಂಡಿಯ ಮೇಲೆ ಹೇರಿಕೊಂಡು ಬಂದು ಪರಮಣ್ಣನ ಜತೆ ಪಾಲಿಗೆ ನಿಂತ. ಎರಡು, ಊರ ಹೊರಗೆ ಕಾಲುವೆ ತೋಡುವ ಕೆಲಸ ಶುರುವಾಯಿತು.

ಕಾಲುವೆಯ ಗುತ್ತಿಗೆದಾರರ ಚೈನ್ ಕಪ್ಪಿಗಳು, ಅಂದರೆ ಸರಪಳಿ ಎಳೆದು ಭಾರ ಎತ್ತುವ ಗಡಗಡೆಗಳು, ವಾರಕ್ಕೊಂದರಂತೆ ಮುರಿದು ಅಂಗಡಿಗೆ ಬರತೊಡಗಿದವು. ವಹಾಬ ಪ್ರತಿಯೊಂದನ್ನೂ ಬಿಚ್ಚಿ, ಅದರ ಒಂದೊಂದು ಹಲ್ಲನ್ನೂ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದುಕೊಂಡು, ಆಮೇಲೆಯೇ ಜೋಡಿಸುತ್ತಿದ್ದ. ಮೂರು ಕಪ್ಪಿ ರಿಪೇರಿ ಮಾಡಿದ ಮೇಲೆ ನಾಲ್ಕನೆಯದನ್ನು ತಾವೇ ಮಾಡಿದರು. ಅದು ಕೆಂಭಾವಿಯಿಂದ ಕೊಂಕಲ್‌ವರೆಗೆ ಬಾವಿಗೆ ಬಿದ್ದ ಪಂಪುಗಳನ್ನೆಲ್ಲ ಎತ್ತಿತು, ಒಮ್ಮೆ ಒಂದು ಎಮ್ಮೆಯನ್ನೂ ಎತ್ತಿತು. ಎಮ್ಮೆಯ ಮಾಲೀಕ ಊರೂರಿಗೆ ಹೇಳಿಕೊಂಡು ತಿರುಗಿದ. ಅಂಗಡಿಯ ಮುಂದೆ ಹೊಸ ಬೋರ್ಡು ಏರಿತು: ‘ಮರಿಲಿಂಗಪ್ಪ ಅಂಡ್ ಸನ್ಸ್, ಕೀಲಿ ಹಾಗೂ ಭಾರ ಎತ್ತುವ ಸಾಮಾನು ತಯಾರಕರು’. ಮರಿಲಿಂಗಪ್ಪನಿಗಿದ್ದವನು ಒಬ್ಬನೇ ಮಗ. ಎರಡನೆಯವನು ತಾನೇ ಎಂದು ವಹಾಬ ಕೇಳಿದವರಿಗೆಲ್ಲ ಹೇಳುತ್ತಿದ್ದ.

ಆದರೆ ಅಂಗಡಿಯ ಅರ್ಧ ಹೆಸರು ಬೋರ್ಡಿನಲ್ಲಿ ಇಲ್ಲದವಳ ಬೆರಳಿನಿಂದ ಬಂದದ್ದು. ಅವಳು ಪರಮಣ್ಣನ ಹೆಂಡತಿ ಯಂಕಮ್ಮ. ಸುರಪುರದ ಶಾಲೆಯ ಜವಾನ ಅಮಾತೆಪ್ಪನ ಮಗಳು, ಏಳನೇ ಇಯತ್ತೆ ಪಾಸಾದವಳು. ಸೊಸೆಯಾಗಿ ಬಂದ ವರ್ಷವೇ ಮಾವ ಅವಳ ಕೈಗೆ ಅರ ಕೊಟ್ಟು ಕೂರಿಸಿದ್ದ. ಕೀಲಿಕೈಯ ಹಲ್ಲು ಉಜ್ಜುವುದರಲ್ಲಿ ಅವಳನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿಯೇ ಎಲ್ಲಿ ಹೆಚ್ಚಾಗಿದೆ ಎಂದು ಹೇಳುತ್ತಿದ್ದಳು. ಇಷ್ಟಾದರೂ ಮುಂದಿನ ಗಾದಿಯ ಮೇಲೆ ಕೂತು ಗಿರಾಕಿಯ ಜತೆ ಮಾತಾಡುವುದು, ಆರ್ಡರ್ ಬರೆದುಕೊಳ್ಳುವುದು ಪರಮಣ್ಣನ ಕೆಲಸ, ಅವಳದು ಹಿಂದಿನ ಮೂಲೆ. ಪರಮಣ್ಣನಿಗೆ ಓದಲು ಬರುತ್ತಿತ್ತು, ಆದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಗಿರಾಕಿ ಚಹಾ ಕುಡಿದು ಬರಬಹುದಿತ್ತು. ಯಂಕಮ್ಮನಿಗೆ ಬಂಗಾರ ಬೇಕಿರಲಿಲ್ಲ, ಸೀರೆಯೂ ಬೇಕಿರಲಿಲ್ಲ. ಆ ಗಾದಿ ಬೇಕಿತ್ತು.

ಇನ್ನು ಇಂಜಿನಿಯರ್ ಸಾಹೇಬರ ವಿಷಯ. ಅವರು ಮಂಡ್ಯದ ಕಡೆಯವರು, ಕಾಲುವೆ ಕೆಲಸಕ್ಕೆಂದು ಹೊಸದಾಗಿ ಬಂದವರು. ತುಂಬ ಒಳ್ಳೆಯವರು, ಆದರೆ ಅವರ ಕನ್ನಡ ನಮ್ಮ ಕಡೆ ಬಂದು ಬಹಳ ಪೆಟ್ಟು ತಿಂದಿತ್ತು. ಬಂದ ವಾರದಲ್ಲೇ ಸುರಪುರದ ಪ್ರವಾಸಿ ಮಂದಿರದಲ್ಲಿ ಅವರು ಕಾವಲುಗಾರನನ್ನು ಕರೆದು, ‘ನನ್ನ ಬೀಗ ಕಾಣುತ್ತಿಲ್ಲ, ಸ್ವಲ್ಪ ಹುಡುಕಯ್ಯಾ’ ಎಂದಿದ್ದರು. ನಮ್ಮಲ್ಲಿ ಬೀಗನೆಂದರೆ ಹೆಣ್ಣು ಕೊಟ್ಟೋ ತಂದೋ ಮಾಡಿಕೊಂಡ ಸಂಬಂಧಿ, ಬಾಗಿಲಿಗೆ ಹಾಕುವುದು ಕೀಲಿ. ಕಾವಲುಗಾರ ಗಾಬರಿಯಾಗಿ ಬಸ್‌ಸ್ಟ್ಯಾಂಡಿಗೆ ಓಡಿ, ಮಂಡ್ಯದ ಬೀಗರು ಯಾರಾದರೂ ಇಳಿದಿದ್ದಾರೆಯೇ ಎಂದು ಪ್ರತಿ ಬಸ್ಸಿನಲ್ಲೂ ಕೂಗಿ ಬಂದ. ಸಂಜೆಯ ಹೊತ್ತಿಗೆ ಸುದ್ದಿ ಬೋನಾಳದವರೆಗೆ ಹೋಗಿತ್ತು. ಅಂದಿನಿಂದ ಸಾಹೇಬರು ಆ ಮಾತನ್ನೇ ಬಿಟ್ಟರು. ಇಲ್ಲಿನವರು ‘ಕೀಲಿ, ಕೀಲಿ’ ಎನ್ನುವುದನ್ನು ಕೇಳಿ, ಅದರಲ್ಲಿ ಅಪಾಯವಿಲ್ಲ ಎಂದು ನಂಬಿ, ಎಲ್ಲದಕ್ಕೂ ಅದನ್ನೇ ಬಳಸತೊಡಗಿದರು.

ಅವರು ಅಂಗಡಿಗೆ ಬಂದ ದಿನ ಪರಮಣ್ಣ, ವಹಾಬ ಇಬ್ಬರೂ ಕಬ್ಬಿಣದ ಹಾಳೆ ತರಲು ಶಹಾಪುರಕ್ಕೆ ಹೋಗಿದ್ದರು. ಕೆಂಭಾವಿಯ ಕೆಳಗೆ ನಾಲ್ಕು ವರ್ಷದಿಂದ ಗೇಟಿಲ್ಲದೆ ಹರಿಯುತ್ತಿದ್ದ ಮರಿಗಾಲುವೆಗೆ ಈಗ ಹನ್ನೆರಡು ಗೇಟು, ಆಯಾ ಊರಿನ ಹೊಲಗಳಿಗೆ ನೀರು ಬಿಡಲು ಊರಿಗೊಂದರಂತೆ. ಒಂದೊಂದಕ್ಕೂ ಎತ್ತುವ ಸಾಮಾನು ಬೇಕಿತ್ತು: ಚಕ್ರ ತಿರುವಿದರೆ ತಿರುಪಿನ ಸರಳು ಮೇಲೇರಿ ಕಬ್ಬಿಣದ ಹಲಗೆಯನ್ನು ಎತ್ತಬೇಕು, ಕಂಡವರು ತಿರುವದಂತೆ ಚಕ್ರಕ್ಕೇ ಕೀಲಿ ಕೂಡಿಸಿರಬೇಕು. ಎತ್ತುವುದೂ ಕೀಲಿಯೂ ಒಂದೇ ಕಡೆ ಮಾಡುವವರು ಬೇರೆ ಯಾರೂ ಸಿಗದೆ ಸಾಹೇಬರು ಇಲ್ಲಿಗೆ ಬಂದಿದ್ದರು. ಗಂಡ ಬರಲಿ ಎಂದು ಯಂಕಮ್ಮ ಹೇಳಬಹುದಿತ್ತು. ಹೇಳಲಿಲ್ಲ. ಗಾದಿಯ ಮೇಲೆ ಕೂತಳು, ಅಳತೆಗಳನ್ನೆಲ್ಲ ಕೇಳಿ ಬರೆದುಕೊಂಡಳು. ಸಾಹೇಬರು ಕೊನೆಗೆ ತಮ್ಮ ಕೈಯಾರೆ ಒಂದು ಸಾಲು ಸೇರಿಸಿ ಸಹಿ ಹಾಕಿ, ಹೆಂಡತಿಯ ಹೆರಿಗೆಗೆಂದು ಊರಿಗೆ ಹೋದರು.

ಆ ಸಾಲು ಹೀಗಿತ್ತು: ‘ಪ್ರತಿ ಗೇಟಿಗೆ ಎರಡು ಕೀಲಿ. ಒಂದು ಇಲಾಖೆಯ ಬಳಿ, ಇನ್ನೊಂದು ರೈತರ ಬಳಿ ಇರತಕ್ಕದ್ದು.’

ಪರಮಣ್ಣ ಬಂದು ಓದಿ ಮುಗಿಸುವುದಕ್ಕೆ ಹೊತ್ತು ಹಿಡಿಯಿತು. ಓದಿದ ಮೇಲೆ ತಲೆ ಕೆರೆದುಕೊಂಡ. ಒಂದು ಚಕ್ರಕ್ಕೆ ಎರಡೆರಡು ಕೀಲಿ ಯಾವ ಶಾಸ್ತ್ರ ಎಂದು ಕೇಳಿದ. ಯಂಕಮ್ಮನಿಗೂ ಅದು ವಿಚಿತ್ರ ಅನ್ನಿಸಿತ್ತು, ಆದರೆ ತನ್ನ ಮೊದಲ ಆರ್ಡರನ್ನು ತಾನೇ ಹಳಿಯಲು ಅವಳಿಗೆ ಮನಸ್ಸಾಗಲಿಲ್ಲ. ಒಂದು ಕೀಲಿ ಸರಕಾರದ್ದು, ಒಂದು ರೈತರದು, ಇಬ್ಬರೂ ಬಂದು ತೆಗೆದರೆ ಮಾತ್ರ ಗೇಟು ಏಳಬೇಕು ಎಂದು ಸಾಹೇಬರ ಮನಸ್ಸಿನಲ್ಲಿದೆ, ದೊಡ್ಡ ಓದು ಓದಿದವರು, ಸುಮ್ಮನೆ ಬರೆಯುತ್ತಾರೆಯೇ ಎಂದಳು. ವಹಾಬನಿಗೆ ಈ ವಿಚಾರ ಬಹಳ ಹಿಡಿಸಿತು. ಚಕ್ರದ ಎಡಕ್ಕೊಂದು ಬಲಕ್ಕೊಂದು ಕೀಲಿ ಕೂಡಿಸಿ, ಎರಡರಲ್ಲಿ ಯಾವುದೊಂದು ಹಾಕಿದ್ದರೂ ಚಕ್ರ ಅಲುಗದಂತೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ. ಯಂಕಮ್ಮ ಇಪ್ಪತ್ನಾಲ್ಕು ಕೀಲಿಗೆ ಇಪ್ಪತ್ನಾಲ್ಕು ಬೇರೆ ಬೇರೆ ಕೀಲಿಕೈ ಉಜ್ಜಿದಳು. ಎರಡು ತಿಂಗಳು ಆ ಅಂಗಡಿಯಲ್ಲಿ ಹಾಡು ಹೇಳಿಕೊಂಡೇ ಕೆಲಸ ನಡೆಯಿತು.

ಹನ್ನೆರಡೂ ಗೇಟುಗಳಿಗೆ ಸಾಮಾನು ಕೂಡಿಸಿದ ಮೇಲೆ ಸಾಹೇಬರು ರಜೆ ಮುಗಿಸಿ, ಗಂಡು ಮಗುವಿನ ಪೇಢೆ ಹಿಡಿದುಕೊಂಡು, ಮೊದಲನೇ ಗೇಟಿನ ಬಳಿ ಪರೀಕ್ಷೆಗೆ ಬಂದರು. ಆ ಊರಿನ ಸಂಗಣ್ಣ ಗೌಡ ಮುಂದೆ ನಿಂತಿದ್ದ, ಅವನ ಹಿಂದೆ ಅರ್ಧ ಊರು ನಿಂತಿತ್ತು. ಕಾಲುವೆಯ ಗ್ಯಾಂಗ್‌ಮನ್ ಜಗದೇವಪ್ಪ ತನ್ನ ಕೀಲಿಕೈ ಹಾಕಿ ಎಡಗಡೆಯ ಕೀಲಿ ತೆಗೆದು ಚಕ್ರ ಹಿಡಿದು ತಿರುವಿದ. ಚಕ್ರ ಮಿಸುಕಲಿಲ್ಲ.

"ಎರಡು ಬೀಗ ಯಾಕೆ ಹಾಕಿದ್ದೀರಿ? ನಾನು ಹೇಳಿದ್ದು ಎರಡು ಕೀಲಿ," ಎಂದರು ಸಾಹೇಬರು. ಬಿಟ್ಟಿದ್ದ ಬೀಗದ ಮಾತು ಗಾಬರಿಯಲ್ಲಿ ಅವರ ಬಾಯಿಗೆ ಮತ್ತೆ ಬಂದ ಕೂಡಲೇ ಹಿಂದಿನವರು ಕಿಸಕ್ಕನೆ ನಕ್ಕರು.

"ಎರಡ ಕೀಲಿನೇ ಹಾಕೀವ್ರಿ ಸಾಹೇಬ್ರ. ಬೇಕಾದ್ರ ಎಣಸ್ರಿ," ಎಂದಳು ಯಂಕಮ್ಮ.

ಸಾಹೇಬರು ಜಗದೇವಪ್ಪನ ಕೈಯಲ್ಲಿದ್ದುದನ್ನು ಕಿತ್ತುಕೊಂಡು ಎತ್ತಿ ತೋರಿಸಿದರು. ಕೀಲಿ ಎಂದರೆ ಇದು, ತಾವು ಕೇಳಿದ್ದು ಇಂಥವು ಎರಡು ಎಂದರು. ಅದು ಕೀಲಿಕೈ ಎಂದು ಇಡೀ ಊರೇ ಒಟ್ಟಿಗೆ ಹೇಳಿತು. ಆಗ ಎಲ್ಲರಿಗೂ ಅರ್ಥವಾಯಿತು. ಸಾಹೇಬರಿಗೆ ಬೇಕಿದ್ದುದು ಗೇಟಿಗೆ ಒಂದೇ ಕೀಲಿ, ಅದಕ್ಕೆ ಎರಡು ಕೈ. ಒಂದು ಕಳೆದರೆ ಇನ್ನೊಂದಿರಲಿ ಎಂದು ಅಷ್ಟೇ. ನನ್ನನ್ನು ಕೇಳಿದರೆ, ಹಾಗೇನಾದರೂ ಮಾಡಿಕೊಟ್ಟಿದ್ದರೆ ಎರಡನೇ ಕೈ ಮಾರನೆಯ ದಿನವೇ ಸಂಗಣ್ಣನ ಉಡಿದಾರದಲ್ಲಿ ಇರುತ್ತಿತ್ತು, ಗೇಟು ಮತ್ತೆ ಮುಚ್ಚುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನನ್ನು ಯಾರು ಕೇಳುತ್ತಾರೆ?

ಸಾಹೇಬರ ಮುಖ ಕೆಂಪಾಗಿತ್ತು. ಮೇಲಿನ ಅಧಿಕಾರಿಗಳಿಗೆ ತಾವು ಏನೆಂದು ಹೇಳಬೇಕು ಎಂದರು. ಎಂಟು ದಿನದೊಳಗೆ ಹನ್ನೆರಡೂ ಚಕ್ರಗಳಿಂದ ಒಂದೊಂದು ಕೀಲಿ ತೆಗೆದುಹಾಕಬೇಕು, ಇಲ್ಲವಾದರೆ ಸಾಮಾನನ್ನೆಲ್ಲ ವಾಪಸು ಒಯ್ಯಬೇಕು. ಒಂದೇ ಎರಕದಲ್ಲಿ ಹೊಯ್ದ ಕೀಲಿಯನ್ನು ಕತ್ತರಿಸಿದರೆ ಚಕ್ರ ಸೀಳುತ್ತದೆ ಎಂಬುದು ವಹಾಬನಿಗೂ ಪರಮಣ್ಣನಿಗೂ ಗೊತ್ತಿತ್ತು. ಎಂದರೆ ಎಲ್ಲವನ್ನೂ ಮೊದಲಿಂದ ಮಾಡಬೇಕು. ಪರಮಣ್ಣ ಅಷ್ಟು ಜನರ ಎದುರು ಹೆಂಡತಿಯ ಕಡೆ ತಿರುಗಿದ.

"ಇನ್ನ ಮ್ಯಾಲ ನೀ ಕಾಗದ ಮುಟ್ಟಬ್ಯಾಡ," ಎಂದ.

ಬೈದಿದ್ದರೆ ಯಂಕಮ್ಮ ತಿರುಗಿ ಬೈಯುತ್ತಿದ್ದಳು, ಬಾಯಿ ಅವಳಿಗೂ ಇತ್ತು. ಆದರೆ ಅವನು ಬೈಯದೆ ಮೆತ್ತಗೆ ಹೇಳಿದ್ದರಿಂದ ಅವಳಿಗೆ ಅಳು ಬಂತು. ದಾರಿಯುದ್ದಕ್ಕೂ ಸೆರಗು ಮುಖಕ್ಕೆ ಹಿಡಿದುಕೊಂಡು ನಡೆದಳು. ಅಂಗಡಿಗೆ ಬಂದವಳೇ ಹಿಂದಿನ ಮೂಲೆಗೆ ಹೋಗಿ ಕೂತಳು. ವಹಾಬ ಮಾತ್ರ, ‘ವೈನಿ, ಕೀಲಿ ಮಾತ್ರ ಭಾರೀ ಆಗ್ಯಾವ ನೋಡ್ರಿ’ ಎಂದು ಸಮಾಧಾನ ಹೇಳಲು ನೋಡಿದ.

ಎಂಟು ದಿನ ಎಂದು ಸಾಹೇಬರು ಹೇಳಿದ್ದರು, ಆದರೆ ಕೃಷ್ಣಾ ಹೊಳೆ ಅದನ್ನು ಕೇಳಿಸಿಕೊಂಡಿರಲಿಲ್ಲ. ಪಡುವಣದಲ್ಲಿ ಮಳೆ ಹೊಡೆದು ಅಣೆಕಟ್ಟು ತುಂಬಿ, ಮೂರನೇ ದಿನಕ್ಕೇ ಕಾಲುವೆಗೆ ನೀರು ಬಿಟ್ಟರು. ಸಾಹೇಬರನ್ನು ಜೀಪಿನಲ್ಲಿ ಅಣೆಕಟ್ಟಿನ ಕಡೆಗೆ ಕರೆದೊಯ್ದರು. ಹೋಗುವಾಗ ಅವರು ಜಗದೇವಪ್ಪನಿಗೆ, ಸದ್ಯಕ್ಕೆ ಇರುವ ಗೇಟುಗಳಿಂದಲೇ ಹೇಗಾದರೂ ನಡೆಸು ಎಂದಷ್ಟೇ ಹೇಳಿದರು. ಜಗದೇವಪ್ಪನ ಬಳಿ ಇದ್ದುದು ಹನ್ನೆರಡು ಕೀಲಿಕೈ. ಉಳಿದ ಹನ್ನೆರಡು ಅಂಗಡಿಯಲ್ಲೇ ಇದ್ದವು. ಅವನ್ನು ಕೇಳಲು ಬಂದ.

ಯಂಕಮ್ಮ ಕೀಲಿಕೈಗಳ ಸರವನ್ನು ಕೈಯಲ್ಲಿ ಹಿಡಿದುಕೊಂಡೇ, ಇವು ನಿನ್ನವಲ್ಲ ಎಂದಳು. ರೈತರ ಬಳಿ ಇರತಕ್ಕದ್ದು ಎಂದು ಕಾಗದದಲ್ಲಿದೆ, ಕಾಗದ ಮುಟ್ಟಬೇಡ ಎಂದಿದ್ದಾರೆ, ಮುಟ್ಟದೆಯೇ ನೆನಪಿದೆ ಎಂದಳು. ಪರಮಣ್ಣ ಕೇಳಿಸದವನಂತೆ ಸಲಾಕೆ ಕಾಯಿಸುತ್ತಿದ್ದ. ಹಾಗಾದರೆ ಆಯಾ ಊರಿನ ಗೌಡರಿಗೆ ಕೊಟ್ಟುಬಿಡು ಎಂದ ಜಗದೇವಪ್ಪ.

ಆಗ ಯಂಕಮ್ಮನಿಗೆ ಹನ್ನೆರಡನೇ ಗೇಟಿನ ದುರಗಮ್ಮ ನೆನಪಾದಳು. ಸಂದೂಕದ ಕೀಲಿ ರಿಪೇರಿಗೆ ಬಂದಾಗಲೆಲ್ಲ ದುರಗಮ್ಮ ಒಂದೇ ಮಾತು ಹೇಳುತ್ತಿದ್ದಳು: ಕಾಲುವೆ ಬಂದು ನಾಲ್ಕು ವರ್ಷವಾಯಿತು, ಕಾಲುವೆಯೊಳಗೆ ಹುಲ್ಲು ಚೆನ್ನಾಗಿ ಬಂದಿದೆ, ತನ್ನ ಆಡುಗಳನ್ನು ಅದರೊಳಗೇ ಮೇಯಿಸುತ್ತೇನೆ. ನೀರೆಲ್ಲ ಮೇಲಿನವರಲ್ಲೇ ಮುಗಿಯುತ್ತಿತ್ತು. ಮೊದಲನೇ ಗೇಟಿನ ಎರಡನೇ ಕೈಯನ್ನೂ ಮೊದಲನೇ ಊರಿನವರಿಗೇ ಕೊಟ್ಟರೆ, ಜಗದೇವಪ್ಪ ಹೇಗೂ ಚಹಾ ಕುಡಿಯುವುದು ಸಂಗಣ್ಣನ ಕಟ್ಟೆಯ ಮೇಲೆ, ಇಬ್ಬರೂ ಸೇರಿ ತೆಗೆಯುತ್ತಾರೆ, ಎರಡು ಕೀಲಿ ಇದ್ದೂ ಇಲ್ಲದಂತೆಯೇ. ರೈತರ ಬಳಿ ಎಂದು ಬರೆದಿದೆ. ಯಾವ ರೈತರು ಎಂದು ಬರೆದಿಲ್ಲ.

ಅವಳು ಸರ ಬಿಚ್ಚಿ ಕೀಲಿಕೈಗಳನ್ನು ನೆಲದ ಮೇಲೆ ಸಾಲಾಗಿ ಹರಡಿದಳು. ಮೊದಲನೇ ಗೇಟಿನದನ್ನು ಎರಡನೇ ಊರಿನವರಿಗೆ ಎಂದು ಎತ್ತಿಟ್ಟಳು, ಎರಡನೆಯದನ್ನು ಮೂರನೇ ಊರಿಗೆ, ಮೂರನೆಯದನ್ನು ನಾಲ್ಕನೇ ಊರಿಗೆ. ಯಾರು ನೀರು ತೆಗೆದರೆ ಯಾರಿಗೆ ಕಡಿಮೆಯಾಗುತ್ತದೋ ಅವರ ಬಳಿ ಅವರ ಮೇಲಿನವರ ಕೀಲಿಕೈ. ಕೊನೆಗೆ ಹನ್ನೆರಡನೇ ಗೇಟಿನ ಕೈ ಉಳಿಯಿತು. ಅದರ ಕೆಳಗೆ ಊರೇ ಇರಲಿಲ್ಲ. ಯಂಕಮ್ಮ ಮೂರು ದಿನದಲ್ಲಿ ಮೊದಲ ಸಲ ನಕ್ಕಳು, ಆಮೇಲೆ ಅದನ್ನು ಸಂಗಣ್ಣ ಗೌಡನಿಗೆ ಎಂದು ಎತ್ತಿಟ್ಟಳು. ವಹಾಬ ನಕ್ಕು ನಕ್ಕು ಲೇತ್ ನಿಲ್ಲಿಸಬೇಕಾಯಿತು.

ಉಳಿದ ಹನ್ನೊಂದು ಕೈ ಕೆಳಗಿನ ಊರುಗಳಿಗೆ ಹೊರಟ ಸುದ್ದಿ ತಿಳಿದು, ಮಧ್ಯಾಹ್ನದೊಳಗೆ ಸಂಗಣ್ಣ ಅಂಗಡಿಯ ಮುಂದೆ ಫಟಫಟಿ ನಿಲ್ಲಿಸಿದ. ತನ್ನ ಊರಿನ ಗೇಟಿಗೆ ಕೆಳಗಿನವರ ಅಪ್ಪಣೆ ಕೇಳಬೇಕೇ ಎಂದು ಗುಡುಗಿದ, ಆ ಕೀಲಿಗೆ ಇನ್ನೊಂದು ಕೈ ಈಗಿಂದೀಗಲೇ ಮಾಡಿಕೊಡಬೇಕೆಂದ. ಪರಮಣ್ಣ ಎದ್ದು ನಿಂತು, ಗೌಡರೇ ಕೂಡ್ರಿ ಎಂದ. ಯಂಕಮ್ಮ ಮೂಲೆಯಿಂದ ಎದ್ದು ಬಂದಳು.

"ಮಾಡಿ ಕೊಡ್ತೀನ್ರಿ ಗೌಡ್ರ, ಅರ್ಧ ತಾಸಿನ ಕೆಲಸ. ಎರಡನೇ ಗೇಟಿನವ್ರು ಒಪ್ಪಿ ಹೆಬ್ಬಟ್ಟ ಒತ್ತಿದ ಕಾಗದ ತರ್ರಿ," ಎಂದಳು. ಆಮೇಲೆ ಹನ್ನೆರಡನೇ ಗೇಟಿನ ಕೈಯನ್ನು ಅವನ ಮುಂದೆ ಇಟ್ಟಳು. "ನಿಮ್ಮ ಕೈಯಾಗೂ ಒಂದ ಗೇಟ್ ಅದ. ನೀವು ಹೋಗಿ ತೆಗದ್ರನ ಅಲ್ಲಿಗೆ ನೀರು."

ಗೌಡನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಹತ್ತು ಮೈಲಿ ದೂರದ ಊರಿನ ನೀರು ತನ್ನ ಕೈಯಲ್ಲಿದೆ ಎಂದರೆ ಯಾರಿಗೆ ತಾನೆ ಹಿಗ್ಗಾಗುವುದಿಲ್ಲ? ಕೀಲಿಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಅದರ ದಾರ ಹೊರಗೆ ಬಿಟ್ಟುಕೊಂಡು ಹೊರಟ.

ಮೊದಲನೇ ವಾರ ಅವನು ಹನ್ನೆರಡನೇ ಗೇಟಿಗೆ ಹೋಗಿ ಕೀಲಿ ತೆಗೆದರೆ ಕಾಲುವೆ ಒಣಗಿತ್ತು. ಒಳಗೆ ದುರಗಮ್ಮನ ಆಡುಗಳು ಮೇಯುತ್ತಿದ್ದವು. ಅವನು ಆ ಕಡೆ ಎಂದೂ ಹೋದವನಲ್ಲ. ದುರಗಮ್ಮ ಅವನಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಕೊಟ್ಟು, ಬಹಳ ಮರ್ಯಾದೆಯಿಂದ, ಮತ್ತೆ ನೀರು ತೆಗೆದುಕೊಂಡೇ ಬರ್ರಿ ಗೌಡ್ರ ಎಂದು ಕಳಿಸಿದಳು. ಆ ಮಾತು ಸಂಗಣ್ಣನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ತಾನು ಹತ್ತು ಮೈಲಿ ಧೂಳು ತಿಂದು ಹೋಗಿ ಒಣ ಗೇಟು ತೆರೆದು ಬರಬೇಕೆಂದರೆ ಊರೂರಿನವರು ತನ್ನನ್ನು ಏನೆಂದು ತಿಳಿದಿದ್ದಾರೆ? ವಾಪಸು ಬರುವಾಗ ಹನ್ನೊಂದನೇ ಗೇಟಿನಲ್ಲಿ ಇಳಿದು ಬೈದ, ಹತ್ತನೆಯದರಲ್ಲಿ ಬೈದ, ಹೀಗೆ ಬೈದುಕೊಂಡೇ ತನ್ನ ಊರು ಮುಟ್ಟಿದ. ಅಲ್ಲಿ ತನ್ನವರೇ ಇಲಾಖೆ ಗೊತ್ತುಮಾಡಿದ ನೀರಿನ ಪಾಳಿ ಮುಗಿದ ಮೇಲೂ ಗೇಟು ಎತ್ತಿ ಇಡಲು ಎರಡನೇ ಊರಿನವನಿಗೆ ಪೂಸಿ ಹೊಡೆಯುತ್ತಿದ್ದರು. ಅವರಿಗೂ ಬೈದ.

ಉಳಿದ ಊರುಗಳು ಸುಲಭವಾಗಿ ದಾರಿಗೆ ಬಂದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಐದನೆಯವರು ಸಿಟ್ಟಿಗೆ ನಾಲ್ಕನೆಯವರ ಕೀಲಿ ತೆಗೆಯಲಿಲ್ಲ. ಮರುದಿನ ಆರನೆಯವರು, ನಿಮ್ಮ ಹಟ ಮುಗಿಯಲಿ ಎಂದು ಐದನೆಯವರ ಕೀಲಿ ತೆಗೆಯಲಿಲ್ಲ. ಹಟ ಊರಿಂದೂರಿಗೆ ಹಬ್ಬಿ ಒಂದು ದಿನ ಎಲ್ಲರೂ ನೀರಿಲ್ಲದೆ ಕೂತ ಮೇಲೆ ಪಾಳಿ ಎಂದರೆ ಏನೆಂದು ತಾನಾಗಿಯೇ ತಿಳಿಯಿತು. ಮೂರನೇ ವಾರಕ್ಕೆ ದುರಗಮ್ಮ ಆಡುಗಳನ್ನು ದಂಡೆಯ ಮೇಲೆ ಕಟ್ಟಬೇಕಾಯಿತು, ಏಕೆಂದರೆ ಕಾಲುವೆಯಲ್ಲಿ ಸೊಂಟದುದ್ದ ನೀರಿತ್ತು.

ಇತ್ತ ಅಂಗಡಿಯಲ್ಲಿ ಪರಮಣ್ಣ ಹೊಸ ಚಕ್ರಗಳಿಗೆ ಅಚ್ಚು ಮಾಡಿ ಇಟ್ಟಿದ್ದ, ಎರಕ ಹೊಯ್ದಿರಲಿಲ್ಲ. ನೀರು ಹರಿಯುವಾಗ ಗೇಟು ಬಿಚ್ಚುವಂತಿರಲಿಲ್ಲ, ಎಂಟು ದಿನ ಎಂದೋ ಮುಗಿದಿತ್ತು. ಅವನು ಯಂಕಮ್ಮನ ಜತೆ ಊಟಕ್ಕೆ ಎಷ್ಟು ಬೇಕೋ ಅಷ್ಟು ಮಾತಾಡುತ್ತಿದ್ದ. ಗಾದಿಯ ಮೇಲೆ ಅವನೇ ಕೂಡುತ್ತಿದ್ದ. ಬಂದ ಚೀಟಿಗಳನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದ, ಅವಳು ಅರ ಉಜ್ಜುತ್ತ ಅತ್ತ ನೋಡದೆ ಇರುತ್ತಿದ್ದಳು. ಕಾಲುವೆಯ ಕೊನೆಯವರೆಗೆ ನೀರು ಹೋಗಿದ್ದು ಅವಳಿಗೆ ಸಂತೋಷವೇ. ಆದರೆ ಸಾಹೇಬರು ಬಂದು ಸಾಮಾನು ವಾಪಸು ಒಯ್ಯಿರಿ ಎಂದರೆ ಈ ಮೂಲೆಯೇ ತನಗೆ ಖಾಯಂ ಎಂಬುದೂ ಅವಳಿಗೆ ಗೊತ್ತಿತ್ತು. ಪ್ರತಿ ಜೀಪಿನ ಸದ್ದಿಗೂ ಅವಳ ಅರ ನಿಲ್ಲುತ್ತಿತ್ತು.

ಜೀಪು ಕೊನೆಗೂ ಬಂತು. ಸಾಹೇಬರು ಇಳಿದರು, ಮಂಡಿಯವರೆಗೆ ಕೆಸರು. ಅವರ ಹಿಂದೆ ಸಂಗಣ್ಣ, ಜಗದೇವಪ್ಪ, ಇನ್ನೂ ನಾಲ್ಕೈದು ಊರಿನವರು. ಜಗಳಗಳ ಅರ್ಜಿ ಎಷ್ಟು ಬಂದಿರಬಹುದೆಂದು ಕಚೇರಿಯಲ್ಲಿ ನೋಡಿದರೆ ಈ ಹನ್ನೆರಡು ಗೇಟುಗಳಿಂದ ಒಂದೂ ಬಂದಿರಲಿಲ್ಲವಂತೆ. ಏನೋ ಅನಾಹುತವಾಗಿದೆ ಎಂದು ಹೆದರಿ ಕಾಲುವೆಯ ಉದ್ದಕ್ಕೂ ನಡೆದು ನೋಡಿ ಬಂದಿದ್ದರು. ಕೊನೆಯ ಹೊಲದಲ್ಲಿ ದುರಗಮ್ಮ ಭತ್ತದ ಸಸಿ ನೆಡುತ್ತಿದ್ದಳು. ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದು ಪರಮಣ್ಣನ ಮುಂದೆ ಹಿಡಿದರು. ಶಹಾಪುರದ ಕಡೆಯ ಕಾಲುವೆಗೆ ನಲವತ್ತು ಗೇಟು, ಎಲ್ಲಕ್ಕೂ ಇಂಥದೇ ಚಕ್ರ, ಇಂಥದೇ ಜೋಡಿ ಕೀಲಿ.

ಪರಮಣ್ಣ ಕಾಗದ ತೆಗೆದುಕೊಳ್ಳಲಿಲ್ಲ. ಹಿಂದಿನ ಮೂಲೆಯ ಕಡೆ ನೋಡಿದ, ಅಂದು ಕಾಲುವೆಯ ಬಳಿ ನಿಂತಿದ್ದವರೇ ಇಂದೂ ನಿಂತಿದ್ದಾರೆ ಎಂಬುದನ್ನು ಒಮ್ಮೆ ಕಣ್ಣಾಡಿಸಿ ಖಾತ್ರಿ ಮಾಡಿಕೊಂಡ.

"ಕಾಗದ ಅಕಿ ಕೈಯಾಗ ಕೊಡ್ರಿ ಸಾಹೇಬ್ರ," ಎಂದ. "ನಾ ತಪ್ಪ ತಿಳ್ಕೊಂಡ್ರ ಕೆಲಸ ಕೆಡ್ತದ. ಅಕಿ ತಪ್ಪ ತಿಳ್ಕೊಂಡ್ರ ಕಡೀ ಹೊಲಕ್ಕ ನೀರು ಮುಟ್ತದ."

ಅಷ್ಟು ಹೇಳಿ ಗಾದಿಯಿಂದ ಎದ್ದು ಪಕ್ಕಕ್ಕೆ ಸರಿದ. ಯಂಕಮ್ಮ ಕೈಗಂಟಿದ ಕಬ್ಬಿಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅಲ್ಲಿ ಕೂತಳು. ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದಳು, ಎರಡನೇ ಸಲ ಎಲ್ಲರಿಗೂ ಕೇಳುವಂತೆ ಓದಿದಳು. ಆಮೇಲೆ ಸಾಹೇಬರಿಗೆ ಕೂಡ್ರಿ ಎಂದು ಹೇಳಿ, ಒಂದೊಂದು ಸಾಲಿಗೂ ಪ್ರಶ್ನೆ ಕೇಳತೊಡಗಿದಳು.